ರಾಶಿ ಇಂಜಿನ್ನಿಗೆ ಹಳೇ ಕಾರಿನ ರೇಡಿಯೇಟರು

ಬಾವಿ ದಂಡೆಯಲ್ಲಿ ಡೀಸೆಲ್ ಇಂಜಿನ್ ಇಟ್ಟು ನೀರೆತ್ತುವವರಿಗೆ ಇಂಜಿನ್ ಕಾಯುವ ಚಿಂತೆ ಇಲ್ಲ. ಪಂಪಿನ ಪೈಪಿನಿಂದ ಒಂದು ಸಣ್ಣ ಕವಲು ತೆಗೆದು ಇಂಜಿನ್ನಿಗೆ ಕೊಟ್ಟರೆ ಮುಗಿಯಿತು, ಬಿಸಿಯಾದ ನೀರು ಬದುವಿನ ಕಡೆ ಹರಿದುಹೋಗುತ್ತದೆ. ತೊಂದರೆ ಇರುವುದು ನಮ್ಮಂಥ ಒಣಬೇಸಾಯದವರಿಗೆ. ನಾವು ಅದೇ ಇಂಜಿನ್ನನ್ನು ಬಂಡಿಗೆ ಹೇರಿ ಹೊಲದ ಕಣಕ್ಕೆ ಒಯ್ದು ರಾಶಿ ಮಷಿನ್ ಓಡಿಸುತ್ತೇವೆ. ಕಣದಲ್ಲಿ ಪಂಪೂ ಇಲ್ಲ, ನೀರೂ ಇಲ್ಲ. ಇನ್ನೂರು ಲೀಟರಿನ ಒಂದು ಡ್ರಮ್ಮು ನಿಲ್ಲಿಸಿ ಎರಡು ಪೈಪು ಸೇರಿಸಿ ಓಡಿಸುವುದು ರೂಢಿ. ಮಧ್ಯಾಹ್ನಕ್ಕೆ ಡ್ರಮ್ಮು ಹಬೆಯಾಡುತ್ತದೆ, ಇಂಜಿನ್ ನಿಲ್ಲಿಸಿ ಎಲ್ಲರೂ ಬನ್ನಿ ಗಿಡದ ಕೆಳಗೆ ಕೂಡಬೇಕು.

ಸುಮ್ಮನೆ ಕೂತರೆ ಏನು ಕಳಕೊಂಡಿವಿ ಅಂತ ಕೇಳಬಹುದು. ರಾಯಚೂರಿಂದ ಲಿಂಗಸುಗೂರ ಕಡೆ ಹೋಗುವ ರಸ್ತೆಯ ನಮ್ಮ ಕಲ್ಮಲದ ಸುತ್ತ ತೊಗರಿ ರಾಶಿ ಬರುವುದು ಡಿಸೆಂಬರ್, ಜನವರಿಯಲ್ಲಿ. ಆಗಲೇ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಇಲ್ಲಿ ಮೋಡ ಮುಸುಕುವುದೂ ಉಂಟು. ಬಾಡಿಗೆ ಟ್ರ್ಯಾಕ್ಟರ್ ಮಷಿನ್ನಿನವರು ಇಪ್ಪತ್ತು ಎಕರೆಯವರ ಕಡೆಗೇ ಮೊದಲು ಹೋಗುತ್ತಾರೆ, ಅವರ ತಪ್ಪೂ ಅಲ್ಲ. ಮೂರೆಕರೆಯವನ ಪಾಳಿ ಬರುವಷ್ಟರಲ್ಲಿ ಬಣವಿ ನೆನೆದಿರುತ್ತದೆ. ನೆಂದ ತೊಗರಿಗೆ ಮಾರ್ಕೆಟ್ಟಿನಲ್ಲಿ ಕೈ ಹಾಕಿ ನೋಡಿ ಬಿಟ್ಟು ಹೋಗುತ್ತಾರೆ. ಹೀಗಾಗಿ ಮನೆಯ ಹಳೇ 8 ಎಚ್‌ಪಿ ಇಂಜಿನ್ನು ಬೆಳಗಿನಿಂದ ಸಂಜೆ ತನಕ ನಿಲ್ಲದೆ ಓಡಬೇಕು ಅನ್ನುವುದು ನಮಗೆ ಶೋಕಿಯಲ್ಲ. ಅದಕ್ಕಾಗಿ ಗುಜರಿ ಕಾರಿನ ರೇಡಿಯೇಟರನ್ನು ತಿದ್ದಿ ಕೂಡಿಸುವ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಶಾಖದ ಲೆಕ್ಕ

ಇಂಜಿನ್ನಿಗೆ ಹಾಕಿದ ಡೀಸೆಲ್ಲಿನ ಶಕ್ತಿ ಸುಮಾರು ಮೂರು ಪಾಲಾಗುತ್ತದೆ. ಒಂದು ಪಾಲು ಪುಲ್ಲಿ ತಿರುಗಿಸುವ ಕೆಲಸಕ್ಕೆ, ಒಂದು ಪಾಲು ಹೊಗೆಯ ಜೊತೆ ಆಕಾಶಕ್ಕೆ, ಇನ್ನೊಂದು ಪಾಲು ಸಿಲಿಂಡರಿನ ಗೋಡೆಗೆ. ಈ ಮೂರನೆಯದನ್ನು ನೀರು ಹೊತ್ತು ಹೊರಗೆ ಹಾಕಬೇಕು. ಅಂದರೆ 8 ಎಚ್‌ಪಿ ಇಂಜಿನ್ನು ಪೂರ್ತಿ ಭಾರ ಎಳೆಯುವಾಗ ಹೆಚ್ಚುಕಡಿಮೆ ಅಷ್ಟೇ ಎಚ್‌ಪಿಯ ಶಾಖ ನೀರಿಗೆ ಬರುತ್ತದೆ. ಲೆಕ್ಕ ಹಾಕಿದರೆ ತಾಸಿಗೆ ಸುಮಾರು 5000 ಕಿಲೋ ಕ್ಯಾಲೊರಿ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕಿಲೋ ಕ್ಯಾಲೊರಿ ಬೇಕು. ಡ್ರಮ್ಮಿನಲ್ಲಿ 180 ಲೀಟರ್ ನೀರಿದ್ದು, ಅದು 35 ಡಿಗ್ರಿಯಿಂದ 95ಕ್ಕೆ ಏರಬೇಕಾದರೆ 10,800 ಸಾಕು. ಡ್ರಮ್ಮಿನ ಮೈಯಿಂದ ಗಾಳಿಗೆ ಹೋಗುವುದನ್ನು ಕಳೆದರೂ ಎರಡೂವರೆ ತಾಸಿಗೆ ಕುದಿ ಬರಲೇಬೇಕು. ಡ್ರಮ್ಮು ನೀರನ್ನು ತಂಪು ಮಾಡುವುದಿಲ್ಲ, ಬಿಸಿಯಾಗುವುದನ್ನು ತಡಮಾಡುತ್ತದೆ ಅಷ್ಟೇ.

ಕುದಿದರೆ ಕುದಿಯಲಿ, ಮೇಲಿಂದ ನೀರು ಹಾಕುತ್ತಾ ಹೋದರಾಯ್ತು ಅನ್ನುವವರಿದ್ದಾರೆ. ಅದೂ ಒಂದು ಪದ್ಧತಿಯೇ. ಒಂದು ಲೀಟರ್ ನೀರು ಆವಿಯಾಗುವಾಗ 540 ಕಿಲೋ ಕ್ಯಾಲೊರಿ ಒಯ್ಯುತ್ತದೆ, ಹಾಗಾಗಿ ತಾಸಿಗೆ ಏಳೆಂಟು ಲೀಟರ್ ಆವಿಯಾಗಿ ಹೋಗುತ್ತದೆ. ದಿನಕ್ಕೆ ಹತ್ತು ತಾಸು ಹಿಡಿದರೆ 80 ಲೀಟರ್. ಆದರೆ ಆವಿಯಾಗುವುದು ನೀರು ಮಾತ್ರ, ಅದರಲ್ಲಿದ್ದ ಉಪ್ಪು, ಸುಣ್ಣ ಎಲ್ಲಿಗೂ ಹೋಗುವುದಿಲ್ಲ. ನಮ್ಮ ಎರೆ ಭೂಮಿಯ ಬೋರಿನ ನೀರು ಎಂಥದ್ದೆಂಬುದು ತಮಗೆಲ್ಲ ಗೊತ್ತು. ಬೇರೆ ನೀರೇ ಸಿಗದಿದ್ದಾಗ ಲೀಟರಿಗೆ 2000 ಮಿಲಿಗ್ರಾಂ ತನಕ ಲವಣ ಇದ್ದರೂ ಕುಡಿಯಬಹುದು ಅಂತ ಕುಡಿಯುವ ನೀರಿನ ಮಾನದಂಡದಲ್ಲೇ ಇದೆ. ಅದರರ್ಧ, ಲೀಟರಿಗೆ ಒಂದು ಗ್ರಾಂ ಹಿಡಿಯಿರಿ. ದಿನಕ್ಕೆ 80 ಗ್ರಾಂ ಲವಣ ಇಂಜಿನ್ನು, ಡ್ರಮ್ಮುಗಳ ಒಳಗೇ ಉಳಿಯಿತು. ಹದಿನೈದು ದಿನ ರಾಶಿ ಮಾಡಿದರೆ ಒಂದು ಕಿಲೋಕ್ಕೂ ಮೇಲೆ. ಅದರಲ್ಲಿನ ಸುಣ್ಣ ಎಲ್ಲಕ್ಕಿಂತ ಹೆಚ್ಚು ಬಿಸಿ ಇರುವ ಜಾಗದಲ್ಲಿ, ಅಂದರೆ ಸಿಲಿಂಡರಿನ ತಲೆಯ ಬಳಿ, ಅನ್ನ ಬೇಯಿಸಿದ ಪಾತ್ರೆಯ ಸೀಕಿನಂತೆ ಹಿಡಿಯುತ್ತದೆ. ಸೀಕು ಶಾಖವನ್ನು ದಾಟಲು ಬಿಡುವುದಿಲ್ಲ. ಹೊರಗೆ ನೀರು ತಣ್ಣಗಿದ್ದರೂ ಒಳಗೆ ಲೋಹ ಕಾದಿರುತ್ತದೆ. ನಮ್ಮ ಕಡೆಯ ಒಬ್ಬರ ಇಂಜಿನ್ನಿನ ಹೆಡ್ ಸೀಳಿದ್ದು ಹೀಗೇ. ನೀರು ಕಡಿಮೆಯಾಗಿದ್ದು ನೋಡಿ ಗಡಿಬಿಡಿಯಲ್ಲಿ ಒಂದು ಕೊಡ ತಣ್ಣೀರು ಸುರಿದರು, ಟಣ್ ಅಂತ ಸದ್ದು ಬಂತು. ಆ ವರ್ಷ ಅವರ ತೊಗರಿ ಕಣದಲ್ಲೇ ನೆನೆಯಿತು.

ರೇಡಿಯೇಟರಿನ ಲಾಭ ಇಲ್ಲಿದೆ. ಅದರಲ್ಲಿ ಹತ್ತು ಹದಿನೈದು ಲೀಟರ್ ನೀರೇ ಮತ್ತೆ ಮತ್ತೆ ಸುತ್ತುತ್ತದೆ. ಆವಿಯಾಗಿ ಹೋಗುವುದು ಇಲ್ಲವೆಂಬಷ್ಟು ಕಡಿಮೆ. ಒಂದು ಸಲ ಒಳ್ಳೇ ನೀರು ಹಾಕಿದರೆ ಸುಗ್ಗಿ ಮುಗಿಯುವ ತನಕ ಅದೇ ನೀರು. ಶಾಖವನ್ನು ಗಾಳಿಗೆ ಬಿಡುವುದೇ ಅದರ ಕೆಲಸ, ಮತ್ತು ಗಾಳಿಗೆ ನಮ್ಮಲ್ಲಿ ಬರ ಇಲ್ಲ.

ಗುಜರಿಯಲ್ಲಿ ಯಾವುದನ್ನು ಆರಿಸಬೇಕು

ಈಗಿನ ಕಾರುಗಳಲ್ಲಿ ಬರುವ ರೇಡಿಯೇಟರು ಅಲ್ಯೂಮಿನಿಯಮ್ಮಿನದು, ಅದರ ಟ್ಯಾಂಕು ಪ್ಲಾಸ್ಟಿಕ್ಕು. ನೋಡಲು ಹಗುರ, ಹೊಸದರಂತೆ ಹೊಳೆಯುತ್ತದೆ. ಆದರೆ ನಮಗೆ ಕೆಲಸಕ್ಕೆ ಬಾರದು, ಯಾಕೆಂದರೆ ಬಾಯಿ ಬದಲಿಸಲು ಬರುವುದಿಲ್ಲ, ಬೆಸುಗೆ ಹಿಡಿಯುವುದಿಲ್ಲ. ನಮಗೆ ಬೇಕಾದದ್ದು ತಾಮ್ರದ ಕೊಳವೆ, ಹಿತ್ತಾಳೆ ಟ್ಯಾಂಕಿನ ಹಳೇ ನಮೂನೆ. ಅಂಬಾಸಿಡರ್ ಕಾರಿನದು, ಹಳೇ ಮಹೀಂದ್ರ ಜೀಪಿನದು ಇದಕ್ಕೆ ಬಲು ಸರಿ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು, ಆದರೂ ದೊಡ್ಡ ಊರುಗಳ ಗುಜರಿಯಲ್ಲಿ ಹುಡುಕಿದರೆ ರೇಡಿಯೇಟರು ಸಿಗುತ್ತದೆ. ತಾಮ್ರ, ಹಿತ್ತಾಳೆಯ ತೂಕದ ಮೇಲೆ ದರ ಹೇಳುತ್ತಾರೆ. ಕರಗಿಸುವ ಮಾಲಿನ ದರಕ್ಕಿಂತ ಸ್ವಲ್ಪ ಮೇಲೆ ಕೊಟ್ಟರೂ ನಷ್ಟವಿಲ್ಲ, ನಾಳೆ ಬೇಡವೆಂದರೆ ಅದೇ ತೂಕಕ್ಕೆ ಮಾರಬಹುದು.

ಇನ್ನೊಂದು ನೋಡಬೇಕಾದದ್ದು, ಟ್ಯಾಂಕು ಮೇಲೊಂದು ಕೆಳಗೊಂದು ಇರಬೇಕು. ಕೆಲವು ಕಾರುಗಳಲ್ಲಿ ಎಡಕ್ಕೊಂದು ಬಲಕ್ಕೊಂದು ಇದ್ದು ನೀರು ಅಡ್ಡ ಹರಿಯುತ್ತದೆ. ಪಂಪು ಇಲ್ಲದ ನಮ್ಮ ಏರ್ಪಾಡಿಗೆ ಅದು ಒಗ್ಗದು.

"ಅಲ್ರೀ, ಅದು ಐವತ್ತು ಎಚ್‌ಪಿ ಗಾಡೀದು, ನಿಮ್ಮ ಎಂಟು ಎಚ್‌ಪಿಗೆ ಯಾಕ್ರಿ ಅಷ್ಟು ದೊಡ್ಡದು?" ಅಂತ ನಮ್ಮ ಬೆಸುಗೆ ಮಿಸ್ತ್ರಿ ಕೇಳಿದ. ದೊಡ್ಡದೇ ಬೇಕು. ಕಾರು ಓಡುವಾಗ ಎದುರುಗಾಳಿ ತಾನಾಗಿ ನುಗ್ಗುತ್ತದೆ, ಒಳಗೆ ಪಂಪು ನೀರನ್ನು ದೂಡುತ್ತದೆ. ನಮ್ಮದು ನಿಂತಲ್ಲೇ ನಿಂತದ್ದು, ನೀರು ನಿಧಾನ ಹರಿಯುವುದು. ಹೊರಗಿನ ಗಾಳಿಯೇ ಬೇಸಿಗೆಯಲ್ಲಿ 42, 43 ಡಿಗ್ರಿ ಇರುತ್ತದೆ. ನೀರಿಗೂ ಗಾಳಿಗೂ ಇರುವ ಬಿಸಿಯ ಅಂತರ ಕಡಿಮೆಯಾದಷ್ಟೂ ತಗಡಿನ ಮೈ ಹೆಚ್ಚು ಬೇಕು.

ಕೊಳ್ಳುವ ಮುಂಚೆ ಎರಡು ಪರೀಕ್ಷೆ ಮಾಡಿರಿ. ಕೆಳಗಿನ ಬಾಯಿಗೆ ಅಂಗೈ ಒತ್ತಿ ಹಿಡಿದು ಮೇಲಿಂದ ನೀರು ತುಂಬಿ, ಒಮ್ಮೆಲೇ ಕೈ ಬಿಡಿ. ನೀರು ಧಬಕ್ಕನೆ ಬೀಳಬೇಕು. ತಡೆದು ತಡೆದು ಬಂದರೆ ಕೊಳವೆಗಳು ಕಟ್ಟಿವೆ ಎಂದು ಅರ್ಥ. ಎರಡನೆಯದು, ಬಾಯಿಗಳನ್ನು ರಬ್ಬರ್ ಟ್ಯೂಬಿನ ತುಂಡಿನಿಂದ ಬಿಗಿದು, ದನ ನೀರು ಕುಡಿಯುವ ಬಾನಿಯಲ್ಲಿ ಮುಳುಗಿಸಿ, ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಹಾಕಿ ಗುಳ್ಳೆ ನೋಡುವುದು. ಒಂದೆರಡು ಕಡೆ ಗುಳ್ಳೆ ಬಂದರೆ ಹೆದರಬೇಡಿ, ಬೆಸುಗೆ ಹಾಕಬಹುದು. ತಗಡಿನ ರೆಕ್ಕೆಗಳ ನಡುವೆ ಎಲ್ಲೆಂದರಲ್ಲಿ ಬಂದರೆ ಅದನ್ನು ಅಲ್ಲೇ ಬಿಟ್ಟು ಬನ್ನಿರಿ. ಕೊಳವೆ ಕಟ್ಟಿದ್ದಾದರೆ ರೇಡಿಯೇಟರ್ ರಿಪೇರಿಯವರು ಮೇಲಿನ ಟ್ಯಾಂಕು ಬಿಚ್ಚಿ ತೆಳ್ಳನೆಯ ಉಕ್ಕಿನ ಪಟ್ಟಿ ಹಾಯಿಸಿ ತೆಗೆಯುತ್ತಾರೆ.

ನೀರು ತಾನಾಗಿ ಸುತ್ತಬೇಕಾದರೆ

60 ಡಿಗ್ರಿಯ ಒಂದು ಲೀಟರ್ ನೀರು ತೂಗಿದರೆ 983 ಗ್ರಾಂ. 80 ಡಿಗ್ರಿಯದು 972 ಗ್ರಾಂ. ಈ ಹನ್ನೊಂದು ಗ್ರಾಮಿನ ಅಂತರವೇ ನಮ್ಮ ಪಂಪು. ಇಂಜಿನ್ನಿನಲ್ಲಿ ಕಾದ ಹಗುರ ನೀರು ಮೇಲೇರಿ ರೇಡಿಯೇಟರಿನ ಮೇಲಿನ ಟ್ಯಾಂಕಿಗೆ ಹೋಗುತ್ತದೆ, ತಣ್ಣಗಾಗಿ ಭಾರವಾದದ್ದು ಕೊಳವೆಗಳಲ್ಲಿ ಇಳಿದು ಕೆಳಗಿನಿಂದ ಇಂಜಿನ್ನಿಗೆ ಬರುತ್ತದೆ. ಇದು ಹೊಸ ಶೋಧವೇನಲ್ಲ. ಅಮೆರಿಕದಲ್ಲಿ 1908ರಿಂದ ಬಂದ ಫೋರ್ಡ್ ಮಾಡೆಲ್ ಟಿ ಕಾರುಗಳಲ್ಲಿ ಮೊದಲಿನ ಕೆಲವನ್ನು ಬಿಟ್ಟರೆ ನೀರಿನ ಪಂಪೇ ಇರಲಿಲ್ಲ. 1923ರಲ್ಲಿ ಶುರುವಾದ ಜಾನ್ ಡಿಯರ್ ಕಂಪನಿಯ ಡಿ ಮಾಡೆಲ್ ಟ್ರ್ಯಾಕ್ಟರೂ ಇದೇ ರೀತಿ ಹೊಲ ಉತ್ತಿತು. 8 ಎಚ್‌ಪಿಗೆ ನಿಮಿಷಕ್ಕೆ ನಾಲ್ಕೂವರೆ ಲೀಟರ್ ಸುತ್ತಿದರೂ ಸಾಕು, ನೀರು ಹೋಗುವಾಗಿಗೂ ಬರುವಾಗಿಗೂ ಇಪ್ಪತ್ತು ಡಿಗ್ರಿ ಇಳಿದಿರುತ್ತದೆ.

ಆದರೆ ಹನ್ನೊಂದು ಗ್ರಾಂ ಅನ್ನುವುದು ಬಹಳ ಬಡ ಪಂಪು. ಅದಕ್ಕೆ ಸ್ವಲ್ಪ ಅಡ್ಡಿ ಬಂದರೂ ನಿಂತುಬಿಡುತ್ತದೆ. ಆದ್ದರಿಂದ ಪೈಪಿನ ವಿಷಯದಲ್ಲಿ ಜಿಪುಣತನ ಮಾಡಬೇಡಿ. ಇಂಜಿನ್ನಿನ ಬಾಯಿ ಮುಕ್ಕಾಲು ಇಂಚು ಇದ್ದರೂ ಅಲ್ಲಿಂದಾಚೆ ಒಂದೂಕಾಲು ಇಂಚಿನ ಹೋಸು ಇರಲಿ. ಲೇತ್ ಅಂಗಡಿಯಲ್ಲಿ ಒಂದು ಬದಿಗೆ ಮರೆ, ಇನ್ನೊಂದು ಬದಿಗೆ ಹೋಸಿನ ಅಳತೆ ಇರುವ ತುಂಡು ಮಾಡಿಸಿಕೊಳ್ಳಿ. ತೊಂಬತ್ತು ಡಿಗ್ರಿ ಎಲ್ಬೋ ಬದಲು ಹೋಸನ್ನೇ ದೊಡ್ಡ ಸುತ್ತಿನಲ್ಲಿ ಬಗ್ಗಿಸಿ. ಬಿಸಿ ನೀರಿನ ಪೈಪು ಇಂಜಿನ್ನಿನಿಂದ ರೇಡಿಯೇಟರಿನ ತನಕ ಏರುತ್ತಲೇ ಹೋಗಬೇಕು. ನಡುವೆ ಒಂದು ಕಡೆ ಗುಬ್ಬಿಯಾಗಿ ಏರಿ ಇಳಿದರೆ ಅಲ್ಲಿ ಗಾಳಿ ಸೇರುತ್ತದೆ, ಸುತ್ತಾಟ ಬಂದ್. ರೇಡಿಯೇಟರಿನ ಮೇಲಿನ ಟ್ಯಾಂಕು ಇಂಜಿನ್ನಿನ ಹೆಡ್ಡಿಗಿಂತ ಒಂದಡಿಯಾದರೂ ಮೇಲಿರಲಿ, ಕೆಳಗಿನ ಬಾಯಿ ಇಂಜಿನ್ನಿಗೆ ನೀರು ಸೇರುವ ಬಾಯಿಗಿಂತ ಕೆಳಗೆ ಹೋಗದಿರಲಿ. ಮತ್ತೆ, ಟ್ಯಾಂಕಿನಲ್ಲಿ ನೀರಿನ ಮಟ್ಟ ಯಾವಾಗಲೂ ಬಿಸಿ ಪೈಪಿನ ಬಾಯಿಯನ್ನು ಮುಳುಗಿಸಿರಬೇಕು. ನೀರು ನಾಲ್ಕು ಬೆರಳು ಇಳಿದು ಬಾಯಿ ತೆರೆಯಿತೆಂದರೆ ರೇಡಿಯೇಟರಿನಲ್ಲಿ ನೀರಿದ್ದೂ ಇಂಜಿನ್ ಕಾಯುತ್ತದೆ. ಬಹಳ ಜನಕ್ಕೆ ಇದರ ಗುಟ್ಟು ತಿಳಿಯದೆ ರೇಡಿಯೇಟರಿನದೇ ದೋಷ ಅನ್ನುತ್ತಾರೆ. ಥರ್ಮೋಸ್ಟಾಟ್ ಎಂಬ ಬಿರಡೆ ಎಲ್ಲಾದರೂ ಇದ್ದರೆ ತೆಗೆದುಬಿಡಿ, ಅದೂ ದಾರಿಗೆ ಅಡ್ಡವೇ.

ಕಾರಿನ ರೇಡಿಯೇಟರಿನ ಬಾಯಿ ನಮಗೆ ಬೇಕಾದ ಬದಿಗೆ ಇರುವುದಿಲ್ಲ. ಹಳೆಯದನ್ನು ಹಿತ್ತಾಳೆ ಬಿಲ್ಲೆಯಿಂದ ಮುಚ್ಚಿಸಿ, ಬೇಕಾದ ಕಡೆ ಹೊಸ ರಂಧ್ರ ಕೊರೆಸಿ ಹಿತ್ತಾಳೆ ಪೈಪಿನ ತುಂಡು ಕೂಡಿಸಬೇಕು. ಸೀಸ ತವರದ ಬೆಸುಗೆಯೇ ಇದಕ್ಕೆ ಸರಿ. ಅದು ಕರಗುವುದು 180 ಡಿಗ್ರಿ ಮೇಲೆ, ನಮ್ಮ ನೀರು ನೂರನ್ನು ದಾಟುವುದಿಲ್ಲ. ಗ್ಯಾಸಿನ ಜ್ವಾಲೆಯಲ್ಲಿ ಗಟ್ಟಿ ಬೆಸುಗೆ ಮಾಡುತ್ತೇನೆಂದರೆ ಬೇಡವೆನ್ನಿ, ಪಕ್ಕದ ಹತ್ತು ಬೆಸುಗೆ ಬಿಟ್ಟುಕೊಳ್ಳುತ್ತವೆ. ಕೆಲಸದ ಜಾಗದ ಆಚೀಚೆ ಒದ್ದೆ ಬಟ್ಟೆ ಹೊದಿಸಿದರೆ ಒಳ್ಳೆಯದು.

ಅಲುಗಾಟವೇ ಶತ್ರು

ಒಂದೇ ಸಿಲಿಂಡರಿನ ಇಂಜಿನ್ ಎಷ್ಟು ಕುಣಿಯುತ್ತದೆಂದು ಹೇಳಬೇಕಿಲ್ಲ. ಕಾರಿನ ನಾಲ್ಕು ಸಿಲಿಂಡರ್ ಇಂಜಿನ್ನಿನ ಜೊತೆ ಬದುಕಿದ ರೇಡಿಯೇಟರಿಗೆ ಈ ಕುಣಿತ ಗೊತ್ತಿಲ್ಲ. ಇಂಜಿನ್ನಿನ ಚಾಸಿಗೇ ಬೋಲ್ಟ್ ಹಾಕಿ ಬಿಗಿದರೆ ಎರಡನೇ ದಿನಕ್ಕೆ ಮೂಲೆಯಲ್ಲಿ ನೀರು ಒಸರುತ್ತದೆ. ಒಂದೂವರೆ ಇಂಚಿನ ಅಂಗಲ್ಲಿನಿಂದ ಬೇರೆ ಸ್ಟ್ಯಾಂಡ್ ಮಾಡಿಸಿ. ರೇಡಿಯೇಟರು ಕೂಡುವ ಕಡೆ ಲಾರಿ ಟೈರಿನ ಪಟ್ಟಿ ಎರಡು ಪದರು ಇಡಿ, ಬೋಲ್ಟನ್ನು ಉಸಿರುಗಟ್ಟುವಂತೆ ಬಿಗಿಯಬೇಡಿ. ಹೋಸು ಪೂರ್ತಿ ಎಳೆದು ಕಟ್ಟಿದಂತಿರದೆ ಸ್ವಲ್ಪ ಸಡಿಲ ಇರಲಿ. ಇಡೀ ಏರ್ಪಾಡಿನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಯಾವುದು ಅಂತ ಕೇಳಿದರೆ ನಾನು ಈ ಟೈರಿನ ಪಟ್ಟಿ ಅನ್ನುತ್ತೇನೆ.

ಫ್ಯಾನಿನದು ಸ್ವಲ್ಪ ಜಾಣತನದ ಕೆಲಸ. ಗುಜರಿಯಲ್ಲೇ ಅದೇ ಕಾರಿನ ನೀರಿನ ಪಂಪನ್ನು ಫ್ಯಾನ್ ಸಮೇತ ಕೊಳ್ಳಿ. ಪಂಪಿನ ಸೀಲು ಹೋಗಿದ್ದರೂ ನಡೆಯುತ್ತದೆ, ನಮಗೆ ಬೇಕಾದದ್ದು ಅದರ ಬೇರಿಂಗು ಮಾತ್ರ. ಆ ಪಂಪಿನ ಮೈಯನ್ನು ಸ್ಟ್ಯಾಂಡಿಗೆ ಬೋಲ್ಟ್ ಮಾಡಿದರೆ ಫ್ಯಾನಿನ ಗುಂಭ ಸಿದ್ಧವಾಯಿತು. ಇಂಜಿನ್ನಿನ ಪುಲ್ಲಿಯ ಪಕ್ಕ ಇನ್ನೊಂದು ವಿ ಬೆಲ್ಟಿನ ಪುಲ್ಲಿ ಹಾಕಿ ಫ್ಯಾನಿಗೆ ಬೆಲ್ಟು ಕೊಡಿ. ನಿಮ್ಮದು ನಿಮಿಷಕ್ಕೆ 1500 ಸುತ್ತಿನ ಇಂಜಿನ್ನಾದರೆ ಎರಡೂ ಪುಲ್ಲಿ ಒಂದೇ ಅಳತೆಯವು ಸಾಕು. 650 ಸುತ್ತಿನ ಹಳೇ ಲಿಸ್ಟರ್ ನಮೂನೆಯದಾದರೆ ಇಂಜಿನ್ನಿಗೆ 9 ಇಂಚು, ಫ್ಯಾನಿಗೆ 4 ಇಂಚಿನದು ಹಾಕಿದರೆ 1460ರ ಹತ್ತಿರ ಬರುತ್ತದೆ. ಇನ್ನೂ ಜೋರಾಗಿ ತಿರುಗಿಸಿದರೆ ಇನ್ನೂ ತಂಪು ಅಂತ ಹೋಗಬೇಡಿ. ಫ್ಯಾನಿನ ವೇಗ ಎರಡು ಪಟ್ಟಾದರೆ ಅದು ತಿನ್ನುವ ಶಕ್ತಿ ಎಂಟು ಪಟ್ಟಾಗುತ್ತದೆ. ಡೀಸೆಲ್ಲನ್ನು ಗಾಳಿಗೆ ತೂರಿದಂತೆ.

ಗಾಳಿ ರೇಡಿಯೇಟರಿನ ಮೂಲಕ ಹಾದು ಫ್ಯಾನಿನ ಕಡೆ ಬರಬೇಕು. ಬೀಡಿ ಹೊಗೆ ಬಿಟ್ಟು ನೋಡಿದರೆ ತಿಳಿಯುತ್ತದೆ. ಉಲ್ಟಾ ಬರುತ್ತಿದ್ದರೆ ಫ್ಯಾನನ್ನು ಬಿಚ್ಚಿ ಹಿಂದುಮುಂದು ಮಾಡಿ ಹಾಕುವವರನ್ನು ಕಂಡಿದ್ದೇನೆ. ಅದರಿಂದ ಗಾಳಿಯ ದಿಕ್ಕು ಬದಲಾಗುವುದಿಲ್ಲ, ಎಲೆಯ ಬಾಗು ತಪ್ಪಿ ಗಾಳಿ ಕಡಿಮೆಯಾಗುತ್ತದೆ ಅಷ್ಟೇ. ಫ್ಯಾನ್ ಇದ್ದಂತೇ ಇರಲಿ, ರೇಡಿಯೇಟರನ್ನು ಅದರ ಇನ್ನೊಂದು ಬದಿಗೆ ತನ್ನಿ. ಫ್ಯಾನಿನ ಸುತ್ತ ಎಣ್ಣೆ ಡಬ್ಬಿಯ ತಗಡಿನಿಂದ ಒಂದು ಕೊರಳಪಟ್ಟಿ ಮಾಡಿ ರೇಡಿಯೇಟರಿಗೆ ಮುಟ್ಟಿಸಿ, ಎಲೆಯ ತುದಿಗೂ ತಗಡಿಗೂ ಒಂದಿಂಚು ಸಂದು ಬಿಡಿ. ಈ ಪಟ್ಟಿ ಇಲ್ಲದಿದ್ದರೆ ಫ್ಯಾನು ಸುತ್ತಲಿನ ಗಾಳಿಯನ್ನೇ ಕಡೆಯುತ್ತಾ ಇರುತ್ತದೆ. ಬೆಲ್ಟಿಗೂ ಫ್ಯಾನಿಗೂ ಜಾಲರಿ ಕಟ್ಟದೆ ಇಂಜಿನ್ ಚಾಲು ಮಾಡಲೇಬೇಡಿ. ಕಣದಲ್ಲಿ ಹೆಣ್ಣುಮಕ್ಕಳ ಸೆರಗು, ನಮ್ಮ ಧೋತರದ ಚುಂಗು, ಆಟಕ್ಕೆ ಬಂದ ಹುಡುಗರ ಕೈ ಎಲ್ಲ ಅದರ ಹತ್ತಿರವೇ ಓಡಾಡುತ್ತವೆ.

ತೊಗರಿ ಹೊಟ್ಟು, ಜೋಳದ ರವದಿ ರೇಡಿಯೇಟರಿನ ರೆಕ್ಕೆಯಲ್ಲಿ ಹೊಕ್ಕರೆ ಅರ್ಧ ತಾಸಿನಲ್ಲಿ ಗಾಳಿ ನಿಲ್ಲುತ್ತದೆ. ರಾಶಿ ಕಾಲದಲ್ಲಿ ನಮ್ಮಲ್ಲಿ ಬೀಸುವುದು ಮೂಡಗಾಳಿ. ಹಾಗಾಗಿ ಇಂಜಿನ್ನು ಮೂಡಲಿಗೆ, ಮಷಿನ್ನು ಪಡುವಲಿಗೆ ಇರಲಿ. ರೇಡಿಯೇಟರಿನ ಮುಂದೆ ಸೊಳ್ಳೆ ಜಾಲರಿಯ ಒಂದು ಚೌಕಟ್ಟು ತೂಗುಹಾಕಿ, ಬೀಡಿಗೆ ನಿಂತಾಗಲೆಲ್ಲ ಅದನ್ನು ತೆಗೆದು ಕೊಡವಿ ಹಾಕಿ. ಇಂಜಿನ್ನಿನ ಹೊಗೆ ಕೊಳವೆಯ ಮುಖವೂ ರೇಡಿಯೇಟರಿನ ಕಡೆಗೆ ಇರಬಾರದು.

ಮುಚ್ಚಳ, ನೀರು, ಬಿಸಿ

ಕಾರಿನ ರೇಡಿಯೇಟರಿನ ಮುಚ್ಚಳದಲ್ಲಿ ಸ್ಪ್ರಿಂಗು ಇರುತ್ತದೆ. ಅದು ಒಳಗೆ ಒತ್ತಡ ಕಟ್ಟಿ ನೀರು ಕುದಿಯುವ ಮಟ್ಟವನ್ನು ನೂರರ ಮೇಲಕ್ಕೆ ಏರಿಸುತ್ತದೆ. ಕಾರಿಗೆ ಅದು ಬೇಕು, ನಮಗೆ ಬೇಡ. ನಮ್ಮ ಹಳೇ ಇಂಜಿನ್ನಿನ ಗ್ಯಾಸ್ಕೆಟ್ಟು, ಗುಜರಿ ರೇಡಿಯೇಟರಿನ ಹಳೇ ಬೆಸುಗೆ ಒತ್ತಡಕ್ಕೆಂದು ಇರುವಂಥವಲ್ಲ. ಸ್ಪ್ರಿಂಗು ತೆಗೆದು ಬರೀ ಮುಚ್ಚಳ ಹಾಕಿ, ಪಕ್ಕದ ಸಣ್ಣ ಕೊಳವೆಗೆ ಒಂದು ರಬ್ಬರ್ ನಳಿಕೆ ಸಿಕ್ಕಿಸಿ ನೆಲದ ಕಡೆ ಬಿಡಿ. ಹಬೆ ಬಂದರೆ ಅಲ್ಲಿಂದ ಹೋಗಲಿ. ಹಾಗಂತ ಕಾದಾಗ ಮುಚ್ಚಳಕ್ಕೆ ಕೈ ಹಾಕಬೇಡಿ, ಮುಖದ ಮೇಲೆ ಎದ್ದು ಬರುತ್ತದೆ. ನೀರು ಕಡಿಮೆಯಾಗಿ ಇಂಜಿನ್ ಕಾದಿದ್ದರೆ ನಿಲ್ಲಿಸಿ, ಕೈಗೆ ತಾಳುವಷ್ಟು ಆರಿದ ಮೇಲೆ ಸ್ವಲ್ಪ ಸ್ವಲ್ಪವೇ ನೀರು ಹಾಕಬೇಕು.

ಯಾವ ನೀರು? ನಮ್ಮ ಮನೆಯವರು ಹೇಳುವ ಪರೀಕ್ಷೆಯೇ ಸಾಕು. ಬ್ಯಾಳಿ ಬೇಯದ ನೀರು, ಸಬಕಾರ ನೊರೆ ಬಾರದ ನೀರು ರೇಡಿಯೇಟರಿಗೂ ಬೇಡ. ಮಾಳಿಗೆಯ ಮಳೆನೀರು ಹಿಡಿದಿಟ್ಟಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಇಲ್ಲವಾದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಒಂದು ಕ್ಯಾನು ತನ್ನಿ. ಆದರೆ ಘಟಕದ ಹಿಂದೆ ಹೊರಬಿಡುವ ನೀರನ್ನು ಪುಕ್ಕಟೆ ಅಂತ ತುಂಬಿಕೊಳ್ಳಬೇಡಿ, ಇಡೀ ಊರಿನ ನೀರಿನ ಲವಣ ಅದರಲ್ಲಿರುತ್ತದೆ.

ಇಂಜಿನ್ನು ಬಹಳ ತಣ್ಣಗಿರುವುದೂ ಒಳ್ಳೆಯದಲ್ಲ. ಚಳಿಗಾಲದ ಬೆಳಿಗ್ಗೆ ದೊಡ್ಡ ರೇಡಿಯೇಟರು ನೀರನ್ನು ಕಾಯಲಿಕ್ಕೇ ಬಿಡುವುದಿಲ್ಲ. ತಣ್ಣಗಿನ ಇಂಜಿನ್ನು ಡೀಸೆಲ್ ಹೆಚ್ಚು ಕುಡಿಯುತ್ತದೆ, ಒಳಗೆ ಬೆವರು ಕೂಡಿ ಸಿಲಿಂಡರು ಬೇಗ ಸವೆಯುತ್ತದೆ. ಲಾರಿಯವರಂತೆ ರೇಡಿಯೇಟರಿನ ಅರ್ಧಕ್ಕೆ ಗೋಣಿತಟ್ಟು ಇಳಿಬಿಡಿ, ಬಿಸಿಲೇರಿದ ಮೇಲೆ ತೆಗೆಯಿರಿ. ಮೇಲಿನ ಟ್ಯಾಂಕಿನ ನೀರು 70, 75 ಡಿಗ್ರಿಯಲ್ಲಿ ನಿಂತರೆ ಚಲೋ. ನೂರು ಡಿಗ್ರಿ ತನಕ ಅಳೆಯುವ ಗಾಜಿನ ಥರ್ಮಾಮೀಟರು ಒಂದು ತಂದಿಟ್ಟುಕೊಂಡು, ಇಂಜಿನ್ ಚಾಲು ಮಾಡುವ ಮುಂಚೆ ಮುಚ್ಚಳ ತೆಗೆದು ನೀರಿಗೆ ಇಳಿಬಿಟ್ಟಿರಿ. 90 ದಾಟುತ್ತಿದ್ದರೆ ಜಾಲರಿ ಕೊಡವಿ, ಬೆಲ್ಟು ಜಾರುತ್ತಿದೆಯೇ ನೋಡಿ, ನೀರಿನ ಮಟ್ಟ ನೋಡಿ. ಮೂರೂ ಸರಿ ಇದ್ದರೆ ರೇಡಿಯೇಟರಿನ ಮೈಮೇಲೆ ಅಲ್ಲಲ್ಲಿ ಬಟ್ಟೆ ಹಿಡಿದು ಕೈಯಾಡಿಸಿ. ಒಂದು ಕಡೆ ಸುಡುತ್ತಾ ಇನ್ನೊಂದು ಕಡೆ ತಣ್ಣಗಿದ್ದರೆ ಆ ಕೊಳವೆಗಳು ಕಟ್ಟಿವೆ.

ಅಂಗಡಿಯಲ್ಲಿ ಸಿಗುವ ಹಸಿರು ಕೂಲೆಂಟ್ ಹಾಕಬಹುದೇ ಎಂದು ಕೇಳುತ್ತಾರೆ. ಜಂಗು ಹಿಡಿಯದಂತೆ ಅದು ಕಾಯುತ್ತದೆ, ನಿಜ. ಆದರೆ ಬಹಳಷ್ಟು ಕೂಲೆಂಟುಗಳಲ್ಲಿ ಇರುವ ಎಥಿಲೀನ್ ಗ್ಲೈಕಾಲ್ ಸಿಹಿ ರುಚಿಯ ವಿಷ. ಹಬೆ ನಳಿಕೆಯಿಂದ ಒಂದು ತಗ್ಗಿಗೆ ಬಿದ್ದದ್ದನ್ನು ನಾಯಿಯೋ ಕರುವೋ ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತದೆ. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಚಳಿ ಇಲ್ಲವಾದ್ದರಿಂದ ಕಣದ ಇಂಜಿನ್ನಿಗೆ ನಾನು ಅದನ್ನು ಹಾಕುವುದಿಲ್ಲ. ಹಾಕುವವರು ನಳಿಕೆಯ ತುದಿಯನ್ನು ಮುಚ್ಚಳ ಇರುವ ಡಬ್ಬಿಯೊಳಗೆ ಇಳಿಸಿ, ಬದಲಿಸಿದ ಹಳೆಯದನ್ನು ಚರಗಿ ಗಂಗಾಳ, ದನದ ಬಾನಿಯ ಹತ್ತಿರ ತರಬೇಡಿ.

ಸುಗ್ಗಿ ಮುಗಿದ ಮೇಲೆ ನೀರು ಪೂರ್ತಿ ಬಸಿದು, ಎರಡು ಸಲ ಮಳೆನೀರಿನಲ್ಲಿ ತೊಳೆದು, ಬಾಯಿಗಳಿಗೆ ಬಟ್ಟೆ ತುರುಕಿ ಇಡಿ. ಬಟ್ಟೆ ಮರೆತರೆ ಕಣಜದ ಹುಳ ಮಣ್ಣಿನ ಗೂಡು ಕಟ್ಟುತ್ತದೆ, ಮುಂದಿನ ವರ್ಷ ನೀರು ಹಾಕಿದಾಗ ಆ ಮಣ್ಣು ಕರಗಿ ಸೀದಾ ಕೊಳವೆಗೇ ಇಳಿಯುತ್ತದೆ.